ಉಪ್ಪಿದ್ದ ಕಡೆಗೆ ನೀರು

ಮಕ್ಕಳೇ, ಈ ಭಾನುವಾರ ಅಜ್ಜಿಯ ಹತ್ತಿರ ಒಂದು ಆಲೂಗಡ್ಡೆ ಕೇಳಿ, ಬೆರಳುದ್ದದ ಎರಡು ಹೋಳು ಮಾಡಿಸಿಕೊಳ್ಳಿ. ಒಂದನ್ನು ಬರೀ ನೀರಿನ ಲೋಟಕ್ಕೆ ಹಾಕಿ, ಇನ್ನೊಂದನ್ನು ಎರಡು ಚಮಚ ಉಪ್ಪು ಕರಗಿಸಿದ ಲೋಟಕ್ಕೆ. ಎರಡು ಗಂಟೆ ಬಿಟ್ಟು ಬಗ್ಗಿಸಿ ನೋಡಿ. ಮೊದಲನೆಯದು ಲಟಕ್ಕನೆ ಮುರಿಯುತ್ತದೆ. ಎರಡನೆಯದು ಬಾಡಿದ ಹುರುಳಿಕಾಯಿಯಂತೆ ಬಳುಕುತ್ತದೆ.

ನಾನು ಓದಿದ್ದು ಬಿ.ಕಾಂ. ಇದನ್ನು ಕಲಿತದ್ದು ಮೊಮ್ಮಗಳ 9ನೇ ತರಗತಿಯ ಪುಸ್ತಕದಿಂದ. ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಉಪ್ಪು, ಸಕ್ಕರೆ ಹೆಚ್ಚಿರುವ ಕಡೆಗೆ ನೀರೇ ಹೊರಟು ಹೋಗುತ್ತದೆ. ಇದೇ ಅಭಿಸರಣೆ. ಉಪ್ಪು ಬೆರೆಸಿದ ಮಾವಿನಕಾಯಿ ಹೋಳು ನೀರು ಬಿಡುವುದೂ ಇದರಿಂದಲೇ.

ಭೇದಿಯಾದಾಗ ಕುಡಿಸುವ ಓಆರ್‌ಎಸ್‌ನದೂ ಇದೇ ಲೆಕ್ಕ. ಕರುಳು ಉಪ್ಪನ್ನೂ ಗ್ಲೂಕೋಸನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರು ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಇಂಥ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿಯಬೇಡಿ. ಗಟ್ಟಿಯಾದರೆ ಲೆಕ್ಕ ತಿರುಗಿಬೀಳುತ್ತದೆ: ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಪೊಟ್ಟಣದಲ್ಲಿ ಬರೆದಷ್ಟೇ ನೀರು ಅಳೆದು ಬೆರೆಸಿ. ಅಕ್ಷರ ಸಣ್ಣದು, ಓದಿ ಹೇಳುವ ಕೆಲಸ ಮೊಮ್ಮಕ್ಕಳದು.