ತಟ್ಟೆ ಬೇರೆ ಇಟ್ಟವರು ನಾವೂ



ಊರ ಹೋಟೆಲಿನಲ್ಲಿ ನಮ್ಮ ಅಪ್ಪಂದಿರಿಗೆ ಲೋಟ ಬೇರೆ ಇಟ್ಟದ್ದನ್ನು ನಾವು ಮರೆತಿಲ್ಲ. ಮರೆಯಲೂಬಾರದು. ಆದರೆ ನಮ್ಮದೇ ಹಾಸ್ಟೆಲಿನಲ್ಲಿ, ನಮ್ಮದೇ ಕೈಯಿಂದ, ನಮ್ಮವನಿಗೇ ತಟ್ಟೆ ಬೇರೆ ಇಟ್ಟದ್ದನ್ನು ಯಾರ ಮುಂದೆ ಹೇಳೋಣ?

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನ್ನ ರೂಮಿನಲ್ಲೊಬ್ಬ ಹುಡುಗನಿದ್ದ. ಕೂಲಿ ಮಾಡುವ ತಾಯಿಯ ಮಗ. ನಮ್ಮೆಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ. ಮೊದಲು ನಿದ್ದೆ ಬಿಟ್ಟ. ಆಮೇಲೆ ಊಟ ಬಿಟ್ಟ. ಆಮೇಲೆ ಮಾತು ಬಿಟ್ಟ. ಗೋಡೆ ನೋಡುತ್ತ ಕೂತುಬಿಡುತ್ತಿದ್ದ. ನಾವೇನು ಮಾಡಿದೆವು? 'ಮೆಂಟ್ಲು' ಅಂತ ಹೆಸರಿಟ್ಟೆವು. ಅವನ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಅವನ ಟ್ರಂಕನ್ನೇ ವರಾಂಡಕ್ಕೆ ಹಾಕಿದೆವು. ಒಂದಿನ ಅವರವ್ವ ಬಂದು, ಯಾರನ್ನೂ ಏನೂ ಕೇಳದೆ, ಟ್ರಂಕು ಹೊತ್ತುಕೊಂಡು ಮಗನನ್ನು ಕರಕೊಂಡು ಹೋದಳು. ಊರಲ್ಲಿ ದೆವ್ವ ಬಿಡಿಸುತ್ತೇವೆಂದು ಬೇವಿನ ಸೊಪ್ಪಿನಲ್ಲಿ ಹೊಡೆದರಂತೆ. ಅವನು ಮತ್ತೆ ಕಾಲೇಜಿಗೆ ಬರಲಿಲ್ಲ. ಆವತ್ತು ಟ್ರಂಕಿನ ಒಂದು ಹಿಡಿಕೆ ಹಿಡಿದವನು ನಾನು. ಕವಿತೆ ಬರೆಯುವ ಇದೇ ಕೈ.

ಮನಸ್ಸಿನ ಕಾಯಿಲೆ ಅಂಟುರೋಗವಲ್ಲ. ಪಾಪದ ಫಲ ಅಲ್ಲ. ಕರ್ಮದ ಮಾತನ್ನು ನಮ್ಮ ಹುಟ್ಟಿನ ಮೇಲೆ ಹೇರಿದಾಗ ಧಿಕ್ಕರಿಸಿದವರು ನಾವು. ಕಾಯಿಲೆ ಬಿದ್ದವನ ಮೇಲೆ ಅದೇ ಮಾತು ಹೇರುವುದು ಯಾವ ನ್ಯಾಯ?

'ಕಾಯಿಲೆ ಇರೋದು ಸಮಾಜಕ್ಕೆ ಕಣೋ, ಅದು ಬದಲಾದರೆ ಎಲ್ಲ ಸರಿಹೋಗುತ್ತೆ' ಅನ್ನುವ ಗೆಳೆಯರಿದ್ದಾರೆ. ಅರ್ಧ ನಿಜ. ಹಾಸ್ಟೆಲಿನಿಂದ ಹೊರಹಾಕಿಸಿಕೊಂಡ ರೋಹಿತ್ ವೇಮುಲನನ್ನು 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಕಳಕೊಂಡೆವು. ಅವಮಾನ ಮನುಷ್ಯನನ್ನು ಒಳಗಿಂದ ಹೇಗೆ ತಿನ್ನುತ್ತದೆಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಸಮಾಜ ಬದಲಾಗುವ ತನಕ ಮೂಲೆಯಲ್ಲಿ ಕೂತ ಹುಡುಗ ಕಾಯಲಾರ. ಹೊಡೆದವನ ಕೈಯನ್ನೂ ಹಿಡಿಯಬೇಕು, ಸುರಿಯುವ ರಕ್ತಕ್ಕೆ ಬಟ್ಟೆಯನ್ನೂ ಕಟ್ಟಬೇಕು.

ಇದು ಸಿರಿವಂತರ ಕಾಯಿಲೆ, ಬೆಂಗಳೂರಿನ ಔಷಧಿ ಅಂತಲೂ ಅನ್ನಬೇಡಿ. 1980ರ ದಶಕದಲ್ಲೇ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಅಲ್ಲಲ್ಲೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದರು. ಅದೇ ಮಾದರಿ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂದಿದೆ. ಬಡತನದ ರೇಖೆಯ ಕೆಳಗಿನವರಿಗೆ, ಕಾರ್ಡಿಲ್ಲದಿದ್ದರೂ, ಸರ್ಕಾರಿ ವ್ಯವಸ್ಥೆಯಲ್ಲಿ ಅದು ಪುಕ್ಕಟೆ. ಹಕ್ಕು ಕೇಳಲು ನಮಗೆ ನಾಚಿಕೆ ಯಾಕೆ?

ಹೋರಾಟಗಾರ ಅಳಬಾರದು ಅನ್ನುವ ಪೊಗರನ್ನೂ ಬಿಡೋಣ. ಸುಮ್ಮನಾದವನ ಪಕ್ಕ ಕೂತು 'ಊಟ ಮಾಡ್ದೇನೋ?' ಅಂತ ಕೇಳಿ. ಉಪದೇಶ ಬೇಡ, ಕಿವಿ ಕೊಡಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಜೊತೆಗೆ ಆಸ್ಪತ್ರೆಗೆ ನಡೆಯಿರಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಮಾತ್ರೆ ನುಂಗುವವನನ್ನು ಆಡಿಕೊಳ್ಳಬೇಡಿ. ಮುಂದಿನ ಸಲ ವಾರ್ಡನ್ನಿನ ಮುಂದೆ ಅನ್ನಸಾರಿನ ಬೇಡಿಕೆ ಇಡುವಾಗ, ಹಾಸ್ಟೆಲಿಗೊಬ್ಬ ಮನಸ್ಸಿನ ಡಾಕ್ಟರು ತಿಂಗಳಿಗೊಮ್ಮೆಯಾದರೂ ಬರಲಿ ಅಂತ ಸೇರಿಸಿ ಬರೆಯಿರಿ.

ನಿಮ್ಮ ವರಾಂಡದಲ್ಲಿ ಯಾರದಾದರೂ ಟ್ರಂಕು ಬಿದ್ದಿದೆಯೇ, ನೋಡಿ. ಇದ್ದರೆ ಈವತ್ತು ರಾತ್ರಿಯೇ ಒಳಗೆ ತನ್ನಿ.