ಕೆಟ್ಟ ರಕ್ತ ಎಂಬುದುಂಟೆ?

ಪಿಯುಸಿ ಮುಗಿಸಿ ನರ್ಸಿಂಗ್ ಸೇರುವ ಮಕ್ಕಳಿಗೆ ಮೊದಲ ವರ್ಷವೇ ಎದುರಾಗುವ ವಿಷಯ ಅಂಗರಚನಾಶಾಸ್ತ್ರ. ಹೈಸ್ಕೂಲಿನ ಅಪಧಮನಿ, ಅಭಿಧಮನಿಗಳು ಅಲ್ಲಿ ಆರ್ಟರಿ, ವೇಯ್ನ್ ಆಗುತ್ತವೆ. ಹೆಸರು ಬದಲಾದರೆ ಚಿಂತೆಯಿಲ್ಲ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ತೊಂದರೆ ಕೊಡುವುದು ಜೊತೆಗೇ ಬರುವ ಇನ್ನೊಂದು ಮಾತು: ಅಪಧಮನಿಯಲ್ಲಿ ಒಳ್ಳೆಯ ರಕ್ತ, ಅಭಿಧಮನಿಯಲ್ಲಿ ಕೆಟ್ಟ ರಕ್ತ. ತಂದೆತಾಯಿಯರೂ ಹೀಗೆಯೇ ಕಲಿತವರು. ಆದರೆ ರಕ್ತದಾನದಲ್ಲಿ ತೆಗೆಯುವುದು ತೋಳಿನ ಅಭಿಧಮನಿಯ ರಕ್ತವನ್ನೇ. ಅದು ಕೆಟ್ಟದ್ದಾಗಿದ್ದರೆ ಇನ್ನೊಬ್ಬರ ಜೀವ ಉಳಿಸುತ್ತಿತ್ತೆ? ವಿಶ್ರಾಂತಿಯಲ್ಲಿರುವವರ ದೇಹ ಸುತ್ತಿ ಮರಳುವ ರಕ್ತದಲ್ಲೂ ಸುಮಾರು ಮುಕ್ಕಾಲು ಪಾಲು ಆಮ್ಲಜನಕ ಉಳಿದಿರುತ್ತದೆ.

ಬಿಳಿಗೆರೆ ಸೀಮೆಯ ಮಕ್ಕಳಿಗೆ ಇದು ಬೇಗ ಅರ್ಥವಾಗಬೇಕು. ನಂಜನಗೂಡನ್ನು ಹಾದುಹೋಗುವ ಕಪಿಲೆ, ಹಳ್ಳತೊರೆಗಳನ್ನು ಕೂಡಿಸಿಕೊಂಡು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಬಿನಿ ನಾಲೆಯದು ಇದಕ್ಕೆ ತದ್ವಿರುದ್ಧ. ದೊಡ್ಡ ನಾಲೆ ಕವಲೊಡೆಯುತ್ತ ಗದ್ದೆ ಮುಟ್ಟುತ್ತದೆ. ಅಪಧಮನಿ ನಾಲೆಯಂತೆ, ಹೃದಯದಿಂದ ಹೊರಟು ಕವಲಾಗುತ್ತದೆ. ಅಭಿಧಮನಿ ಹೊಳೆಯಂತೆ, ಕೂಡುತ್ತ ಕೂಡುತ್ತ ಹೃದಯಕ್ಕೆ ಮರಳುತ್ತದೆ. ನಡುವೆ ಇರುವುದು ಕೂದಲಿಗಿಂತ ಸಣ್ಣ ಲೋಮನಾಳಗಳು. ಹೆಸರು ಬಂದಿರುವುದು ಹರಿಯುವ ದಿಕ್ಕಿನಿಂದ, ರಕ್ತದ ಗುಣದಿಂದಲ್ಲ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ, ಅಲ್ಲಿಂದ ಬರುವ ಅಭಿಧಮನಿಗಳಲ್ಲಿ ಹೆಚ್ಚು.

ಹೊಳೆ ಮರಳಿ ಬರುವುದಿಲ್ಲ, ರಕ್ತ ಬರುತ್ತದೆ. ಇದನ್ನು 1628ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಅವನ ಒಂದು ಪ್ರಯೋಗವನ್ನು ಮನೆಯಲ್ಲೇ ಮಾಡಬಹುದು. ಕೈಯನ್ನು ಸ್ವಲ್ಪ ಹೊತ್ತು ಇಳಿಬಿಟ್ಟರೆ ಮುಂಗೈಯ ಅಭಿಧಮನಿಗಳು ಉಬ್ಬುತ್ತವೆ. ಒಂದನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಮೊಣಕೈಯ ಕಡೆಗೆ ಸವರಬೇಕು. ಆ ಭಾಗ ಬರಿದಾಗಿಯೇ ಉಳಿಯುತ್ತದೆ; ಮೇಲೆ ಹೋದ ರಕ್ತ ಕೆಳಗಿಳಿಯದಂತೆ ಕವಾಟಗಳು ತಡೆಯುತ್ತವೆ. ಒತ್ತಿದ ಬೆರಳು ತೆಗೆದೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ.

ದಿಕ್ಕು ತಿಳಿದಿರುವುದು ಪರೀಕ್ಷೆಗೆ ಮಾತ್ರ ಬೇಕಾದುದಲ್ಲ. ಶಸ್ತ್ರಚಿಕಿತ್ಸೆಯಾಗಿ ಹಲವು ದಿನ ಮಲಗಿರುವ ರೋಗಿಯ ಒಂದು ಮೀನಖಂಡ ಊದಿ ನೋಯುತ್ತಿದೆ ಎನ್ನಿ. ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ಚೂರು ಕಿತ್ತು ಹೊರಟರೆ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ ದಾಟಿ ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ದಾರಿ ಬಲ್ಲ ದಾದಿ ಆ ಕಾಲನ್ನು ನೀವುವುದಿಲ್ಲ, ನೀವಲು ಮನೆಯವರಿಗೂ ಬಿಡುವುದಿಲ್ಲ. ರೋಗಿಗೆ ಥಟ್ಟನೆ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ವೈದ್ಯರನ್ನು ಕರೆಯುತ್ತಾಳೆ. ಬರಿಯ ಹೆಸರುಗಳನ್ನು ಉರುಹೊಡೆದವಳಿಗೆ ಕಾಲಿನ ನೋವಿಗೂ ಉಸಿರಿಗೂ ಏನು ಸಂಬಂಧವೆಂದು ಹೊಳೆಯುವುದಿಲ್ಲ.

ಪೋಷಕರು ಒಂದು ಕೆಲಸ ಮಾಡಬಹುದು. ಮಗಳ ಪುಸ್ತಕ ಮುಚ್ಚಿಸಿ, ತೋಳಿನ ಅಭಿಧಮನಿಗೆ ಚುಚ್ಚಿದ ಔಷಧಿ ಮೆದುಳನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಕು. ತೋಳಿನಿಂದ ಹೃದಯದ ಬಲಭಾಗ, ಶ್ವಾಸಕೋಶ, ಹೃದಯದ ಎಡಭಾಗ, ಮಹಾಪಧಮನಿ, ಆಮೇಲೆ ಕುತ್ತಿಗೆಯ ಅಪಧಮನಿ ಎಂದು ತಡವರಿಸದೆ ಹೇಳಿದರೆ ಪಾಠ ಬಂದಿದೆ. ಶ್ವಾಸಕೋಶವನ್ನು ಬಿಟ್ಟು ಹೇಳಿದರೆ ಪುಸ್ತಕ ಇನ್ನೊಮ್ಮೆ ತೆರೆಯಲಿ.