ಹೊರನಾಡಿನಲ್ಲಿ ಮಡಿದ ನಮ್ಮ ಸೈನಿಕರ ಹೆಸರು ಉಳಿಯಬೇಕು

ಕಳೆದ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ನಮ್ಮ ಸಂಘದ ಕೆಲವು ನಿರ್ದೇಶಕರೊಡನೆ ನಾವು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಪ್ರವಾಸ ಮಾಡಿ, ಅಲ್ಲಿಯ ಸಹಕಾರ ಸಂಘಗಳನ್ನು ನೋಡಿ ಬಂದೆವು. ಕಬ್ಬು ಮತ್ತು ತಂಬಾಕಿನ ಸೀಮೆಯದು. ಅಲ್ಲಿಯ ಸಂಘಗಳಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಪ್ರವಾಸದ ವರದಿಯಲ್ಲಿ ಬೇರೆಯಾಗಿಯೇ ಹೇಳಲಾಗುವುದು. ಆ ವರದಿಯಲ್ಲಿ ಸೇರದ, ಆದರೆ ಊರಿಗೆ ಮರಳಿದ ಮೇಲೂ ನಮ್ಮನ್ನು ಬಿಡದೆ ಕಾಡಿದ ಒಂದು ವಿಷಯವನ್ನು ಬೆಳೆಗಾರ ಬಂಧುಗಳ ಮುಂದೆ ಇಡಬೇಕೆಂದು ಈ ನಾಲ್ಕು ಮಾತು.

ಚಿಕ್ಕೋಡಿ ತಾಲೂಕಿನ ಒಂದು ಹಳ್ಳಿಯಲ್ಲಿ ರೈತರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ದೇವರ ಜಗಲಿಯ ಮೇಲೆ ಪಟಗಳ ನಡುವೆ ಬೆಳ್ಳಿಯ ಬಿಲ್ಲೆಯೊಂದು ತೂಗುತ್ತಿತ್ತು. ಅರಿಶಿನ ಕುಂಕುಮ ಮೆತ್ತಿ ಕಪ್ಪಾಗಿತ್ತು. ಏನಿದು ಎಂದು ಕೇಳಿದೆವು. ಎಂಬತ್ತು ದಾಟಿದ ಯಜಮಾನರು, “ಅದು ನಮ್ಮ ಅಜ್ಜಂದು ರೀ. ದಂಡಿಗೆ ಅಂತ ಬಸ್ರಾಕ ಹೋದಾಂವ ತಿರುಗಿ ಬರಲಿಲ್ಲ. ನಮ್ಮಪ್ಪ ಆಗ ತೊಟ್ಟಲದಾಗ ಇದ್ದನಂತ. ದಸರಾಕ್ಕ ಒಮ್ಮೆ ಪೂಜಾ ಮಾಡತೀವಿ, ಅಷ್ಟ” ಎಂದರು. ಬಿಲ್ಲೆಯನ್ನು ಇಳಿಸಿ ಹುಣಸೆಹಣ್ಣಿನಿಂದ ತಿಕ್ಕಿದಾಗ ಅಂಚಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು. ಒಂದು ನಂಬರು, ಸಿಪಾಯಿ ಎಂಬ ಮಾತು, ಒಂದು ಹೆಸರು, ಮರಾಠಾ ಪಲ್ಟನಿನ ಗುರುತು. ನೂರು ವರ್ಷ ಆ ಅಕ್ಷರಗಳು ಮನೆಯಲ್ಲೇ ಇದ್ದುವು, ಓದಿದವರು ಯಾರೂ ಇರಲಿಲ್ಲ.

ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ತನ್ನ ಮೊಬೈಲಿನಲ್ಲಿ ಹುಡುಕತೊಡಗಿದ. ಒಂದು ಗಂಟೆಯ ಮೇಲೆ ಹೆಸರು ಸಿಕ್ಕಿತು. ಊರಿನ ಹೆಸರು ಗುರುತು ಹತ್ತದಂತೆ ಕೆಟ್ಟಿತ್ತು, ಆದರೆ ನಂಬರು ಸರಿಯಾಗಿ ಹೊಂದಿತು. ಯಜಮಾನರು ಕೇಳಿದ್ದು ಒಂದೇ ಮಾತು: “ಅಲ್ಲಿ ಕಲ್ಲಿನ ಮ್ಯಾಲ ಹೆಸರು ಐತೇನ್ರಿ?” ಇಲ್ಲವೆಂದು ಹೇಳಬೇಕಾಯಿತು. ಯಾಕೆ ಇಲ್ಲ ಎಂಬುದನ್ನು ಅಂದು ನಾವು ಸರಿಯಾಗಿ ವಿವರಿಸಲಾರದೆ ಹೋದೆವು. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

೧೯೧೪ರಿಂದ ೧೯೧೮ರವರೆಗಿನ ಮೊದಲ ಮಹಾಯುದ್ಧಕ್ಕೆ ಹಿಂದೂಸ್ಥಾನದಿಂದ ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಹೋದರು. ಸುಮಾರು ೭೪ ಸಾವಿರ ಮಂದಿ ಮಡಿದರು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯ ೨೫ ಲಕ್ಷಕ್ಕೆ ಬೆಳೆಯಿತು. ೮೭ ಸಾವಿರ ಮಂದಿ ಸತ್ತರು. ಬೆಳಗಾವಿ ಆಗ ಮುಂಬಯಿ ಇಲಾಖೆಯ ಜಿಲ್ಲೆ. ೧೭೬೮ರಷ್ಟು ಹಿಂದಿನ ಚರಿತ್ರೆಯುಳ್ಳ ಮರಾಠಾ ರೆಜಿಮೆಂಟಿನ ಕೇಂದ್ರ ೧೯೨೨ರಿಂದ ಬೆಳಗಾವಿಯಲ್ಲೇ ಇದೆ. ಮರಾಠಾ ಎಂಬ ಹೆಸರಿದ್ದರೂ ಅದರಲ್ಲಿ ಕನ್ನಡ ಮನೆಮಾತಿನವರೂ ಸೇರಿದ್ದಾರೆಂಬುದು ಆ ಸೀಮೆಯವರಿಗೆಲ್ಲ ತಿಳಿದದ್ದೇ. ಮಳೆ ಕೈಕೊಟ್ಟ ವರ್ಷ ಅಥಣಿಯಂಥ ಬರದ ನಾಡಿನ ತರುಣನಿಗೆ ದಂಡಿನ ಸಂಬಳ ಮನೆಯ ಅನ್ನವಾಗಿತ್ತು.

ಮೆಸೊಪೊಟೇಮಿಯಾ, ಎಂದರೆ ಇಂದಿನ ಇರಾಕ್, ಮರಾಠಾ ಪಲ್ಟನುಗಳು ಬಹಳವಾಗಿ ನವೆದ ರಣರಂಗ. ಟೈಗ್ರಿಸ್ ನದಿಯ ದಂಡೆಯ ಕುಟ್ ಎಂಬ ಊರಿನಲ್ಲಿ ೧೯೧೫ರ ಡಿಸೆಂಬರಿನಿಂದ ೧೯೧೬ರ ಏಪ್ರಿಲ್ ೨೯ರವರೆಗೆ ತುರ್ಕರ ಮುತ್ತಿಗೆ ನಡೆಯಿತು. ಒಳಗೆ ಸಿಕ್ಕಿಬಿದ್ದ ಪಲ್ಟನುಗಳಲ್ಲಿ ೧೦೩, ೧೧೦ ಮತ್ತು ೧೧೭ನೆಯ ಮರಾಠಾ ಪಲ್ಟನುಗಳಿದ್ದುವು. ಕಾಳು ಮುಗಿದು, ಕುದುರೆಗಳನ್ನು ಕೊಯ್ದು ತಿನ್ನುವ ಸ್ಥಿತಿ ಬಂದು, ಕೊನೆಗೆ ಸುಮಾರು ೧೩ ಸಾವಿರ ಮಂದಿ ಸೆರೆಯಾದರು. ಅವರಲ್ಲಿ ಬಹುಪಾಲು ಭಾರತೀಯರು. ಮರುಭೂಮಿಯ ನಡಿಗೆಯಲ್ಲಿ, ರೈಲು ಹಾದಿಯ ಕೂಲಿಯಲ್ಲಿ ಎಷ್ಟೋ ಮಂದಿ ಬಿದ್ದುಹೋದರು. ಅಂಥವರಿಗೆ ಗೋರಿಯೂ ಇಲ್ಲ, ಸುಟ್ಟ ಜಾಗವೂ ಇಲ್ಲ.

ಸತ್ತವರ ನೆನಪನ್ನು ಕಾಯಲು ೧೯೧೭ರಲ್ಲಿ ಬ್ರಿಟಿಷರು ಯುದ್ಧ ಸಮಾಧಿಗಳ ಆಯೋಗವೊಂದನ್ನು ಕಟ್ಟಿದರು. ಇಂದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂದು ಕರೆಯುವ ಸಂಸ್ಥೆ ಇದೇ. ದರ್ಜೆ, ಜಾತಿ, ಧರ್ಮ ಯಾವುದನ್ನೂ ನೋಡದೆ ಮಡಿದ ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಸ್ಮರಿಸಬೇಕೆಂಬುದು ಅದರ ತತ್ವ. ಆದರೆ ೧೯೨೯ರಲ್ಲಿ ಬಸ್ರಾದಲ್ಲಿ ಎದ್ದ ಸ್ಮಾರಕವನ್ನು ನೋಡಿರಿ. ಗೋರಿಯಿಲ್ಲದ ೪೦ ಸಾವಿರಕ್ಕೂ ಹೆಚ್ಚು ಸೈನಿಕರಿಗಾಗಿ ಕಟ್ಟಿದ ಆ ಸ್ಮಾರಕದ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸಿಪಾಯಿಯ ಪಾಲಿಗೆ ಮಾತ್ರ ಪಲ್ಟನಿನ ಕೆಳಗೆ ‘ಇತರ ಭಾರತೀಯ ಸೈನಿಕರು ಇಷ್ಟು ಮಂದಿ’ ಎಂಬ ಒಂದು ಅಂಕಿ. ಹೆಸರುಗಳು ಆಯೋಗದ ಪುಸ್ತಕದಲ್ಲಿವೆ, ಕಲ್ಲಿನ ಮೇಲೆ ಇಲ್ಲ. ೧೯೯೭ರಲ್ಲಿ ಆ ಸ್ಮಾರಕವನ್ನೇ ಬಿಚ್ಚಿ ನಸೀರಿಯಾ ರಸ್ತೆಯ ಮರುಭೂಮಿಗೆ ಸಾಗಿಸಲಾಯಿತು. ಸಾಮಾನ್ಯ ಯಾತ್ರಿಕ ಹೋಗಿ ನೋಡುವುದು ಸುಲಭವಲ್ಲ.

ಇದು ನಮ್ಮ ಆರೋಪವಲ್ಲ. ಆಯೋಗವೇ ೨೦೨೧ರ ಏಪ್ರಿಲ್‌ನಲ್ಲಿ ವರದಿ ಪ್ರಕಟಿಸಿ ಒಪ್ಪಿಕೊಂಡ ಮಾತು. ಮೊದಲ ಯುದ್ಧದಲ್ಲಿ ಸತ್ತ ಆಫ್ರಿಕಾ, ಭಾರತ ಮುಂತಾದ ಕಡೆಯ ೪೫ ಸಾವಿರದಿಂದ ೫೪ ಸಾವಿರ ಮಂದಿಗೆ ಸಮಾನ ಗೌರವ ಸಿಗಲಿಲ್ಲ. ಇನ್ನೂ ಕಡಿಮೆಯೆಂದರೆ ೧ ಲಕ್ಷ ೧೬ ಸಾವಿರ ಮಂದಿಯನ್ನು ಹೆಸರು ಹಿಡಿದು ಸ್ಮರಿಸಲಿಲ್ಲ, ಅಥವಾ ಸ್ಮರಿಸಲೇ ಇಲ್ಲ ಎಂದು ಆ ವರದಿ ಹೇಳಿತು. ಬ್ರಿಟಿಷ್ ರಕ್ಷಣಾ ಸಚಿವರು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಕ್ಷಮೆ ಒಳ್ಳೆಯದೇ. ಆದರೆ ಕ್ಷಮೆಯಿಂದ ಹೆಸರು ಹುಟ್ಟುವುದಿಲ್ಲ. ಹೆಸರನ್ನು ಯಾರಾದರೂ ಕುಳಿತು ಹುಡುಕಬೇಕು.

ಹುಡುಕುವವರು ಇದ್ದಾರೆ ಎಂಬುದೇ ಸಮಾಧಾನದ ಸಂಗತಿ. ವಾರ್ ಗ್ರೇವ್ಸ್ ಫೋಟೋಗ್ರಾಫಿಕ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ಬಳಗ ದೇಶದೇಶಗಳ ಸಮಾಧಿ ಮತ್ತು ಸ್ಮಾರಕಗಳಿಗೆ ಹೋಗಿ ಒಂದೊಂದು ಕಲ್ಲಿನ, ಒಂದೊಂದು ಹೆಸರಿನ ಚಿತ್ರ ತೆಗೆದು, ಕೇಳಿದ ಮನೆಯವರಿಗೆ ಒದಗಿಸುತ್ತದೆ. ಇನ್ ಫ್ರಮ್ ದಿ ಕೋಲ್ಡ್ ಎಂಬ ಇನ್ನೊಂದು ಬಳಗ ಪಟ್ಟಿಯಿಂದ ಬಿಟ್ಟುಹೋದವರನ್ನು ಕಾಗದಪತ್ರಗಳ ಆಧಾರದ ಮೇಲೆ ಪಟ್ಟಿಗೆ ಸೇರಿಸುವ ಕೆಲಸ ಹಿಡಿದಿದೆ. ಪಂಜಾಬಿನವರ ಉದಾಹರಣೆ ಇನ್ನೂ ಹತ್ತಿರದ್ದು. ಮೊದಲ ಯುದ್ಧಕ್ಕೆ ಹೋದ ೩ ಲಕ್ಷ ೨೦ ಸಾವಿರ ಪಂಜಾಬಿಗಳ ದಾಖಲೆ ಹಳ್ಳಿವಾರು ಬರೆದ ರಿಜಿಸ್ಟರುಗಳಲ್ಲಿ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಧೂಳು ತಿನ್ನುತ್ತಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ಪಂಜಾಬಿಗಳು ಅಲ್ಲಿಯ ಗ್ರೀನಿಚ್ ವಿಶ್ವವಿದ್ಯಾಲಯದೊಡನೆ ಸೇರಿ ೨೦೨೧ರಿಂದ ಅದನ್ನು ಸಾರ್ವಜನಿಕರಿಗೆ ತೆರೆದರು. ಅಜ್ಜ ಮುತ್ತಜ್ಜರ ಹೆಸರು ಕಂಡು ಕಣ್ಣೀರಿಟ್ಟ ಮನೆಗಳಿಗೆ ಲೆಕ್ಕವಿಲ್ಲ.

ನಮ್ಮ ಗಡಿಯ ಐದು ತಾಲೂಕುಗಳಲ್ಲಿ ಈ ಕೆಲಸ ಹೆಚ್ಚು ತೊಡಕಿನದು. ಆದುದರಿಂದಲೇ ಸ್ಥಳೀಯರ ಕೈಯಿಂದಲೇ ಆಗಬೇಕಾದದ್ದು. ನಿಪ್ಪಾಣಿಯೂ ಕಾಗವಾಡವೂ ತಾಲೂಕುಗಳಾದದ್ದು ಈಚೆಗೆ. ಹಳೆಯ ಕಾಗದದಲ್ಲಿ ಅವು ಚಿಕ್ಕೋಡಿ, ಅಥಣಿಗಳ ಕೆಳಗೆ ಇರುತ್ತವೆ. ರಾಯಬಾಗ ಆ ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ರಾಯಬಾಗದವನನ್ನು ಬೆಳಗಾವಿ ಜಿಲ್ಲೆಯಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ, ಕೊಲ್ಹಾಪುರದಲ್ಲಿ ಹುಡುಕಬೇಕು. ಹೆಸರುಗಳ ಪಾಡೂ ಇದೇ. ನಮ್ಮ ಬಸಪ್ಪ ಗುಮಾಸ್ತನ ಲೇಖನಿಯಲ್ಲಿ ಬಸಾಪಾ ಆಗುತ್ತಾನೆ, ಹಳ್ಳಿಯ ಹೆಸರು ಮರಾಠಿ ಉಚ್ಚಾರದಲ್ಲಿ ಇಂಗ್ಲಿಷಿಗೆ ಇಳಿಯುತ್ತದೆ. ಲಂಡನ್ನಿನಲ್ಲಿ ಕುಳಿತ ಸ್ವಯಂಸೇವಕನಿಗೆ ಇದು ಹೊಳೆಯುವುದು ಹೇಗೆ? ಊರ ಶಾಲೆಯ ಮಾಸ್ತರರಿಗೆ, ಪತ್ತಿನ ಸಂಘದ ಗುಮಾಸ್ತರಿಗೆ ಒಂದೇ ನೋಟಕ್ಕೆ ಹೊಳೆಯುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ಅದು ಬ್ರಿಟಿಷರ ಯುದ್ಧ, ನಮ್ಮದಲ್ಲ. ಪರರ ಚಾಕರಿಯಲ್ಲಿ ಸತ್ತವನನ್ನು ನಾವೇಕೆ ನೆನೆಯಬೇಕು ಎಂಬುದು. ಯುದ್ಧ ಅವರದು ನಿಜ. ಸತ್ತವನು ಯಾರವನು? ಅವನ ಹೆಂಡತಿ ಕಾದದ್ದು ಯಾವ ಊರಿನ ಹೊಸ್ತಿಲಲ್ಲಿ? ಕನ್ನಡನಾಡು ವೀರಗಲ್ಲುಗಳ ನಾಡು. ದನ ಕಾಯಲು ಹೋಗಿ ಸತ್ತವನಿಗೂ, ಊರಳಿವಿನಲ್ಲಿ ಸತ್ತವನಿಗೂ, ಒಡೆಯನ ಜಗಳದಲ್ಲಿ ಸತ್ತವನಿಗೂ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ಜಗಳ ಯಾರದೆಂದು ಕೇಳಲಿಲ್ಲ. ಸುಮಾರು ಕ್ರಿ.ಶ. ೯೪೯ರ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಬೇಟೆನಾಯಿಗೂ ಸ್ಮಾರಕವಿದೆ; ಆ ನಾಯಿಯ ಹೆಸರು ಕಾಳಿ ಎಂದು ಸಾವಿರ ವರ್ಷದ ಮೇಲೂ ನಮಗೆ ಗೊತ್ತು. ನೂರು ವರ್ಷದ ಹಿಂದೆ ಸತ್ತ ನಮ್ಮ ಸಿಪಾಯಿಯ ಹೆಸರು ಮಾತ್ರ ನಮಗೆ ಗೊತ್ತಿಲ್ಲ. ಇದಕ್ಕೆ ಬ್ರಿಟಿಷರನ್ನಷ್ಟೇ ದೂರಿ ಫಲವೇನು?

ಎರಡನೆಯ ಆಕ್ಷೇಪ, ನಮ್ಮಲ್ಲಿ ದಹನ ಸಂಸ್ಕಾರ, ಗೋರಿಯೇ ಇಲ್ಲದ ಮೇಲೆ ಯಾವುದರ ಚಿತ್ರ ತೆಗೆಯುವುದು ಎಂಬುದು. ದಹನವಾದವರ ಹೆಸರು ಕೆತ್ತಿದ ಪ್ರತ್ಯೇಕ ಸ್ಮಾರಕಗಳು ಎರಿತ್ರಿಯಾದ ಕೆರೆನ್‌ನಲ್ಲಿ, ಇಟಲಿಯ ಫೋರ್ಲಿ ಮುಂತಾದ ಕಡೆಗಳಲ್ಲಿ ಇವೆ. ಈ ಎರಡೂ ದೇಶಗಳಲ್ಲಿ ಮರಾಠಾ ಪಲ್ಟನುಗಳು ಕಾದಿದುವು. ೧೯೪೪ರ ಜುಲೈ ೧೦ರಂದು ಇಟಲಿಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ನಾಯಕ್ ಯಶವಂತ ಘಾಡಗೆ ಅವರಿಗೂ ಗೋರಿಯಿಲ್ಲ, ಕ್ಯಾಸಿನೊ ಸ್ಮಾರಕದ ಮೇಲೆ ಹೆಸರಿದೆ. ಇಟಲಿಯ ಮೊಂತೊನೆ ಊರಿನಲ್ಲಿ ೨೦೨೩ರಲ್ಲಿ ಅವರ ನೆನಪಿಗೆ ಒಂದು ಸೂರ್ಯಗಡಿಯಾರವನ್ನು ಸ್ಥಾಪಿಸಲಾಯಿತು. ಸಿಂಗಾಪುರದ ಕ್ರಾಂಜಿಯಲ್ಲಿ ೨೪ ಸಾವಿರಕ್ಕೂ ಹೆಚ್ಚು, ರಂಗೂನಿನ ಬಳಿಯ ತೌಕ್ಯಾನ್‌ನಲ್ಲಿ ಸುಮಾರು ೨೭ ಸಾವಿರ ಹೆಸರುಗಳು ಸ್ಮಾರಕದ ಮೇಲಿವೆ. ಇಂದು ನಮ್ಮ ಸದಸ್ಯರ ಮಕ್ಕಳೇ ಎಷ್ಟು ಮಂದಿ ಸಿಂಗಾಪುರದಲ್ಲಿಲ್ಲ? ಒಂದು ಭಾನುವಾರ ಕ್ರಾಂಜಿಗೆ ಹೋಗಿ ಬೆಳಗಾವಿ ಸೀಮೆಯ ಒಂದು ಹೆಸರಿನ ಚಿತ್ರ ತೆಗೆದು ಕಳಿಸಿದರೆ, ಅದನ್ನು ನೋಡಿದ ಮನೆಯಲ್ಲಿ ಆ ದಿನ ಹಬ್ಬ.

ಇನ್ನು ಮಾಡಬೇಕಾದುದೇನು? ಮೊದಲು, ಮನೆಯಲ್ಲಿರುವ ಬಿಲ್ಲೆಗಳನ್ನು ಕರಗಿಸಕೂಡದು. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಲ್ಟನು ಕೊರೆದಿರುತ್ತದೆ. ಮಡಿದವರ ಮನೆಗಳಿಗೆ ಕೊಟ್ಟ ಕಂಚಿನ ದುಂಡು ಫಲಕದ ಮೇಲೆ ಹೆಸರು ಇರುತ್ತದೆ. ಬೆಳ್ಳಿಯ ಬೆಲೆಗೆ ಅಕ್ಕಸಾಲಿಗನ ಕುಲುಮೆ ಸೇರಿದ ಪದಕದೊಡನೆ ಒಬ್ಬ ಮನುಷ್ಯನ ಕೊನೆಯ ಪುರಾವೆಯೂ ಹೋಯಿತೆಂದೇ ತಿಳಿಯಬೇಕು. ಎರಡನೆಯದಾಗಿ, ಪೆನ್ಶನ್ ಚೀಟಿ, ಡಿಸ್ಚಾರ್ಜ್ ಪುಸ್ತಕ, ಹಳೆಯ ಭಾವಚಿತ್ರ ಇವುಗಳ ಪ್ರತಿ ತೆಗೆಸಿಡಬೇಕು. ಮೂರನೆಯದಾಗಿ, ಮುಂಬಯಿ ಇಲಾಖೆಯ ಅನೇಕ ಹಳ್ಳಿಗಳಲ್ಲಿ ಯುದ್ಧದ ನಂತರ ‘ಈ ಊರಿನಿಂದ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಪ್ರಾಣ ಕೊಟ್ಟರು’ ಎಂದು ಬರೆದ ಕಲ್ಲು ನಟ್ಟರು. ಅಂಥ ಕಲ್ಲು ಎಲ್ಲಿದ್ದರೂ ಸುಣ್ಣ ಬಳಿಯದೆ ಚಿತ್ರ ತೆಗೆದಿಡಬೇಕು. ಅದರಲ್ಲಿಯೂ ಇರುವುದು ಅಂಕಿಯೇ. ಆ ಅಂಕಿಗೆ ಹೆಸರು ಕೂಡಿಸಬಲ್ಲವರು ಊರಿನ ಮುದುಕರು. ಅವರು ಇನ್ನೆಷ್ಟು ದಿನ? ಕೊನೆಯದಾಗಿ, ಊರಿನಲ್ಲೇ ಕಾಯಿಲೆಯಿಂದ ಸತ್ತವನೂ ಸೇವೆಯಲ್ಲಿದ್ದರೆ ಲೆಕ್ಕಕ್ಕೆ ಬರುತ್ತಾನೆಂಬುದನ್ನು ಮರೆಯಬಾರದು. ಆಯೋಗದ ಅವಧಿ ೧೯೧೪ರ ಆಗಸ್ಟ್ ೪ರಿಂದ ೧೯೨೧ರ ಆಗಸ್ಟ್ ೩೧ರವರೆಗೆ, ಮತ್ತೆ ೧೯೩೯ರ ಸೆಪ್ಟೆಂಬರ್ ೩ರಿಂದ ೧೯೪೭ರ ಡಿಸೆಂಬರ್ ೩೧ರವರೆಗೆ.

ಕಾಫಿ ಅಡಿಕೆಯ ಸಂಘಕ್ಕೆ ಇದೆಲ್ಲ ಏಕೆಂದು ಯಾರಾದರೂ ಕೇಳಿಯಾರು. ಸಂಘದ ಕಾರ್ಯದರ್ಶಿಯಾಗಿ ನಮಗೆ ತಿಳಿದ ಒಂದೇ ವಿದ್ಯೆ ರಿಜಿಸ್ಟರು ಇಡುವುದು. ಒಂದೇ ಷೇರಿನ ಸದಸ್ಯ ತೀರಿಕೊಂಡರೂ ಅವನ ಹೆಸರನ್ನು ಸುಮ್ಮನೆ ಹೊಡೆದು ಹಾಕುವಂತಿಲ್ಲ. ತಾರೀಖು ಬರೆದು, ವಾರಸುದಾರನ ಹೆಸರು ಬರೆದು, ಸಹಿ ಪಡೆದೇ ಪುಟ ಮುಚ್ಚಬೇಕು. ಪ್ರಾಣವನ್ನೇ ಷೇರಾಗಿ ಹಾಕಿದವನ ಪುಟ ಹೆಸರಿಲ್ಲದೆ ಮುಚ್ಚಿದೆ ಎಂದಮೇಲೆ ಸಹಕಾರಿಗಳು ನೋಡಿ ಸುಮ್ಮನಿರುವುದು ಹೇಗೆ? ಹಳ್ಳಿಹಳ್ಳಿಯಲ್ಲೂ ಸಂಘವಿದೆ, ಗುಮಾಸ್ತನಿದ್ದಾನೆ, ಕಪಾಟಿದೆ. ಆ ಐದು ತಾಲೂಕುಗಳ ಸಂಘಗಳು ತಲಾ ಒಂದು ಪುಸ್ತಕ ತೆರೆದು ಬರೆಯತೊಡಗಿದರೆ ಒಂದು ವರ್ಷದಲ್ಲಿ ಎಷ್ಟೋ ಹೆಸರು ಹೊರಬರುತ್ತವೆ. ಈ ವಿಷಯವಾಗಿ ಅಲ್ಲಿಯ ಸಂಘಗಳಿಗೆ ನಾವು ಪತ್ರ ಬರೆದಿದ್ದೇವೆ. ದಂಡಿಗೆ ಮಕ್ಕಳನ್ನು ಕಳಿಸಿದ ಮನೆಗಳು ನಮ್ಮ ಮಲೆನಾಡಿನಲ್ಲೂ ಕಡಿಮೆಯಿಲ್ಲ. ಆದುದರಿಂದ ನಮ್ಮ ಕಚೇರಿಯಲ್ಲೂ ಒಂದು ಪುಸ್ತಕ ಇಟ್ಟಿದೆ. ಅಂಥ ಹೆಸರು ಗೊತ್ತಿರುವ ಸದಸ್ಯರು ಗೊಬ್ಬರಕ್ಕೆ ಬಂದಾಗಲೋ ಸಾಲದ ಕಂತಿಗೆ ಬಂದಾಗಲೋ ಒಂದು ನಿಮಿಷ ನಿಂತು ಬರೆಸಬೇಕಾಗಿ ವಿನಂತಿ.

ಆ ಹಳ್ಳಿಯಿಂದ ಹೊರಡುವಾಗ ಯಜಮಾನರು ಬಿಲ್ಲೆಯನ್ನು ಮತ್ತೆ ಜಗಲಿಯ ಮೇಲೆ ತೂಗುಹಾಕಿ, ಅದರ ಕೆಳಗೆ ಮೊಮ್ಮಗನ ಕೈಯಿಂದ ಒಂದು ಚೀಟಿಯಲ್ಲಿ ಅಜ್ಜನ ಹೆಸರನ್ನೂ ನಂಬರನ್ನೂ ಕನ್ನಡದಲ್ಲಿ ಬರೆಸಿ ಅಂಟಿಸಿದರು. ಬಸ್ರಾದ ಕಲ್ಲಿನ ಮೇಲೆ ಹೆಸರು ಬರುವುದು ಯಾವಾಗಲೋ. ಮನೆಯ ಗೋಡೆಯ ಮೇಲಂತೂ ಅಂದೇ ಬಂದಿತು. ಪ್ರತಿ ಮನೆಯೂ ಇಷ್ಟು ಮಾಡಿದರೆ ಉಳಿದ ಕೆಲಸವನ್ನು ಸಂಘಗಳು ಮಾಡಬಲ್ಲವು.